ಜೆಪೆಗ್ ಆಗಿ ಸೇವ್ ಮಾಡುವಾಗ ಯಾವ ಸೆಟ್ಟಿಂಗ್, ಯಾವ ಕ್ರಮದಲ್ಲಿ: ಸಮಗ್ರ ಮಾರ್ಗದರ್ಶಿ

ಫೋಟೋಗಳನ್ನು ಕುಗ್ಗಿಸಿ ಇಡುವ ಫೈಲ್ ವಿಧವಾದ ಜೆಪೆಗ್ ಬಗ್ಗೆ ಬರುವ ದೂರುಗಳು ಮುಖ್ಯವಾಗಿ ಎರಡೇ. ಒಂದು, ಫೈಲ್ ದೊಡ್ಡದಾಗಿ ಅಪ್‌ಲೋಡ್ ಆಗುತ್ತಿಲ್ಲ. ಇನ್ನೊಂದು, ಫೈಲೇನೋ ಚಿಕ್ಕದಾಯಿತು, ಚಿತ್ರ ಮಾತ್ರ ಹಾಳಾಯಿತು. ಕೆದಕಿ ನೋಡಿದರೆ ಎರಡಕ್ಕೂ ಕಾರಣ ಒಂದೇ: ಸೇವ್ ಕಿಟಕಿ ತೆರೆದ ಕೂಡಲೇ ಕೈ ನೇರವಾಗಿ ಕ್ವಾಲಿಟಿ ಸ್ಲೈಡರ್‌ಗೆ ಹೋಗಿರುತ್ತದೆ. ಆ ಸ್ಲೈಡರ್ ಕೊನೆಗೆ ಮುಟ್ಟಬೇಕಾದದ್ದು. ಚಿತ್ರಕ್ಕೆ ಜೆಪೆಗ್ ಹೊಂದುತ್ತದೆಯೇ, ಎಷ್ಟು ಪಿಕ್ಸೆಲ್ ಬೇಕು, ಬಣ್ಣದ ಪ್ರೊಫೈಲ್ ಯಾವುದು ಎಂಬುದೆಲ್ಲ ಇತ್ಯರ್ಥವಾದ ಮೇಲಷ್ಟೇ ಆ ಸಂಖ್ಯೆಗೆ ಅರ್ಥ ಬರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಕೈಯಲ್ಲಿರಬೇಕಾದವು

ಸೇವ್ ಮಾಡುವಾಗ ಮುನ್ನೋಟ ಮತ್ತು ಫೈಲ್ ಗಾತ್ರ ಎರಡನ್ನೂ ತೋರಿಸುವ ಒಂದು ತಂತ್ರಾಂಶ ಬೇಕು. ಉಚಿತವಾಗಿ ಸಿಗುವ ಗಿಂಪ್ ಸಾಕು. ಅದರ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮುನ್ನೋಟದ ಆಯ್ಕೆಗೆ ಟಿಕ್ ಹಾಕಿದರೆ ಮಾತ್ರ ಗಾತ್ರ ಕಾಣಿಸುತ್ತದೆ, ಎಷ್ಟೋ ಜನ ಇದನ್ನು ಗಮನಿಸಿರುವುದಿಲ್ಲ. ಏನನ್ನೂ ಇನ್‌ಸ್ಟಾಲ್ ಮಾಡುವುದು ಬೇಡವೆಂದರೆ ಬ್ರೌಸರ್‌ನಲ್ಲೇ ನಡೆಯುವ ಸ್ಕ್ವೂಶ್ ಇದೆ. ಮೂಲ ಒಂದು ಕಡೆ, ಕುಗ್ಗಿಸಿದ್ದು ಇನ್ನೊಂದು ಕಡೆ ಇಟ್ಟು, ನಡುವಿನ ಗೆರೆಯನ್ನು ಎಳೆದಾಡಿ ಹೋಲಿಸಬಹುದು. ಫೋಟೋಶಾಪ್, ಲೈಟ್‌ರೂಂ ಬಳಸುವವರಿಗೂ ಹಂತಗಳು ಇವೇ, ಸಂಖ್ಯೆಗಳಷ್ಟೇ ಬೇರೆ.

ಇದರ ಜೊತೆಗೆ ಮೂಲ ಫೈಲ್ ಬೇಕು. ಮೆಸೇಜಿಂಗ್ ಆ್ಯಪ್‌ನಲ್ಲಿ ಬಂದ ಫೋಟೋ ಮೂಲವಲ್ಲ. ಅದು ದಾರಿಯಲ್ಲೇ ಒಮ್ಮೆ ಕುಗ್ಗಿ ಬಂದಿರುತ್ತದೆ. ಕಳಿಸಿದವರನ್ನೇ ಕೇಳಿ, ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸುವಂತೆ ಹೇಳಿ.

## ಹಂತ 1: ಈ ಚಿತ್ರಕ್ಕೆ ಜೆಪೆಗ್ ಹೊಂದುತ್ತದೆಯೇ?

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಅಂಶವೆಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ಅಂಶವೆಷ್ಟು ಎಂದು ಲೆಕ್ಕ ಹಾಕುತ್ತದೆ. ಸೂಕ್ಷ್ಮ ಅಂಶಗಳನ್ನು ಒರಟಾಗಿ ಅಂದಾಜಿಸಿ ಬರೆದುಕೊಳ್ಳುತ್ತದೆ, ಹಲವನ್ನು ಪೂರ್ತಿ ಕೈಬಿಡುತ್ತದೆ. ಮುಖ, ಆಕಾಶ, ಮರಗಿಡಗಳಿರುವ ಫೋಟೋದಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಬಿಳಿ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರ, ಲೋಗೋ, ನಕ್ಷೆ, ಸ್ಕ್ರೀನ್‌ಶಾಟ್ ಇವುಗಳಲ್ಲಿ ಬೇಗ ಬೀಳುತ್ತದೆ, ಏಕೆಂದರೆ ಅಲ್ಲಿ ಅಂಚುಗಳೇ ಚಿತ್ರದ ಜೀವ.

ಆದ್ದರಿಂದ ಸ್ಕ್ರೀನ್‌ಶಾಟ್, ಲೋಗೋ, ಗೆರೆಚಿತ್ರಗಳನ್ನು ಪಿಎನ್‌ಜಿ (ವಿವರ ಕಳೆಯದೆ ಕುಗ್ಗಿಸುವ ಫೈಲ್ ವಿಧ) ಆಗಿ ಸೇವ್ ಮಾಡಿ, ಮುಂದಿನ ಹಂತಗಳ ಗೋಜಿಗೇ ಹೋಗಬೇಡಿ. ಇಂಥ ಚಿತ್ರಗಳಿಗೆ ಪಿಎನ್‌ಜಿ ಫೈಲೇ ಎಷ್ಟೋ ಸಲ ಜೆಪೆಗ್‌ಗಿಂತ ಚಿಕ್ಕದಾಗಿರುತ್ತದೆ. ಹಿನ್ನೆಲೆ ಪಾರದರ್ಶಕವಾಗಿರಬೇಕಾದರೂ ಪಿಎನ್‌ಜಿಯೇ ಗತಿ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ, ತಂತ್ರಾಂಶ ಆ ಜಾಗಕ್ಕೆ ಬಿಳಿಯನ್ನೋ ಕಪ್ಪನ್ನೋ ತುಂಬಿಬಿಡುತ್ತದೆ.

ಫೋಟೋ ಮೇಲೆ ಅಕ್ಷರ ಇರುವ ಪೋಸ್ಟರ್‌ಗಳು ಇವೆರಡರ ನಡುವಿನವು. ಇವನ್ನು ಜೆಪೆಗ್ ಮಾಡಬಹುದು, ಆದರೆ ಹಂತ 6ನ್ನು ಬಿಡುವಂತಿಲ್ಲ.

## ಹಂತ 2: ಮೂಲವನ್ನು ಬೇರೆ ಇಡಿ

ತಿದ್ದುವ ಕೆಲಸವೆಲ್ಲ ತಂತ್ರಾಂಶದ ಸ್ವಂತ ಫಾರ್ಮ್ಯಾಟ್‌ನಲ್ಲಿ, ಅಂದರೆ ಗಿಂಪ್‌ನ ಎಕ್ಸ್‌ಸಿಎಫ್ ಅಥವಾ ಫೋಟೋಶಾಪ್‌ನ ಪಿಎಸ್‌ಡಿಯಲ್ಲಿ ನಡೆಯಲಿ. ಸಾಮಾನ್ಯವಾಗಿ ವಿವರ ಕಳೆಯದೆ ಇಡುವ ಟಿಫ್ ಆದರೂ ಸರಿ. ಜೆಪೆಗ್ ಎನ್ನುವುದು ಕೆಲಸ ಮುಗಿದ ಮೇಲೆ ಹೊರಗೆ ಕಳಿಸುವ ಪ್ರತಿ. ಅದನ್ನು ಹೊಸ ಹೆಸರಿನಲ್ಲೇ ಸೇವ್ ಮಾಡಿ. ಮೂಲದ ಮೇಲೆಯೇ ಬರೆದರೆ ಹೋದ ವಿವರ ಹೋದದ್ದೇ.

ಜೆಪೆಗ್ ಫೈಲನ್ನು ಸುಮ್ಮನೆ ಬಳಸಿದರೂ ಗುಣಮಟ್ಟ ಇಳಿಯುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಕಾಲದಿಂದ ಓಡಾಡುತ್ತಿದೆ. ನಿಜ ಹಾಗಲ್ಲ. ಜೆಪೆಗ್ ಫೈಲನ್ನು ತೆರೆದು ನೋಡಿದರೆ, ಕಾಪಿ ಮಾಡಿದರೆ, ಪೆನ್‌ಡ್ರೈವ್‌ಗೆ ಹಾಕಿದರೆ ಗುಣಮಟ್ಟ ಇಳಿಯುವುದಿಲ್ಲ. ಇಳಿಯುವುದು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದಾಗ. ಅದರಲ್ಲೂ ಏನನ್ನೂ ತಿದ್ದದೆ ಅದೇ ತಂತ್ರಾಂಶದಲ್ಲಿ, ಅದೇ ಕ್ವಾಲಿಟಿಯಲ್ಲಿ ಮತ್ತೆ ಸೇವ್ ಮಾಡಿದರೆ ಆಗುವ ಹೊಸ ನಷ್ಟ ಅತ್ಯಲ್ಪ. ಅಂಚಿನಲ್ಲಿ ಮೂರ್ನಾಲ್ಕು ಪಿಕ್ಸೆಲ್ ಕ್ರಾಪ್ ಮಾಡಿ ಸೇವ್ ಮಾಡಿ ನೋಡಿ, ಆಗ ಪೆಟ್ಟು ಬೀಳುತ್ತದೆ. 8×8 ಚೌಕಗಳ ಜಾಲ ಜರುಗಿ, ಹಳೆಯ ಚೌಕಗಳ ಅಂಚುಗಳು ಹೊಸ ಚೌಕಗಳ ಒಳಗೆ ಬಂದು ಕೂರುತ್ತವೆ.

ಅಡ್ಡಲಾಗಿ ಬಂದ ಫೋಟೋವನ್ನು ನೆಟ್ಟಗೆ ಮಾಡುವುದಷ್ಟೇ ಕೆಲಸವಾದರೆ ಹೊಸದಾಗಿ ಸೇವ್ ಮಾಡುವುದೇ ಬೇಡ. ಇರ್ಫಾನ್‌ವ್ಯೂನಂಥ ತಂತ್ರಾಂಶಗಳಲ್ಲಿ ನಷ್ಟವಿಲ್ಲದೆ ತಿರುಗಿಸುವ ಸೌಲಭ್ಯವಿದೆ. ಅದು ಚೌಕಗಳನ್ನೇ ಇದ್ದಂತೆ ತಿರುಗಿಸಿ ಜೋಡಿಸುತ್ತದೆ. ಚಿತ್ರದ ಅಗಲ, ಎತ್ತರ 8ರಿಂದ ಅಥವಾ ಕೆಲವು ಫೈಲ್‌ಗಳಲ್ಲಿ 16ರಿಂದ ಭಾಗವಾಗದಿದ್ದರೆ ಅಂಚಿನ ಒಂದು ಪಟ್ಟಿಯನ್ನು ಕತ್ತರಿಸಬೇಕಾಗುತ್ತದೆ, ಅಷ್ಟೇ.

## ಹಂತ 3: ಪಿಕ್ಸೆಲ್ ಅಳತೆ ನಿರ್ಧರಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

4000×3000 ಅಳತೆಯ ಫೋಟೋದಲ್ಲಿ 1.2 ಕೋಟಿ ಪಿಕ್ಸೆಲ್‌ಗಳಿವೆ. ಸಂಕುಚನವಿಲ್ಲದೆ ಇಟ್ಟರೆ ಪಿಕ್ಸೆಲ್‌ಗೆ 3 ಬೈಟ್‌ನಂತೆ 3.6 ಕೋಟಿ ಬೈಟ್. ಅದನ್ನೇ 1600×1200ಕ್ಕೆ ಇಳಿಸಿದರೆ ಉಳಿಯುವುದು 19.2 ಲಕ್ಷ ಪಿಕ್ಸೆಲ್, ಆರನೇ ಒಂದು ಭಾಗಕ್ಕೂ ಕಡಿಮೆ. ಪರದೆಯ ಮೇಲೆ ನೋಡುವವರಿಗೆ ಎಷ್ಟೋ ಸಲ ಅಷ್ಟೇ ಸಾಕು. ಕ್ವಾಲಿಟಿಯನ್ನು ಮುಟ್ಟದೆಯೇ ಫೈಲ್ ಗಾತ್ರ ಧಡಾರನೆ ಇಳಿಯುತ್ತದೆ, ಚಿತ್ರ ಸ್ವಚ್ಛವಾಗಿಯೇ ಇರುತ್ತದೆ. ದೊಡ್ಡ ಚಿತ್ರವನ್ನು ಕ್ವಾಲಿಟಿ 20ಕ್ಕೆ ಇಳಿಸಿ ಕೊಡುವುದಕ್ಕಿಂತ, ಬಳಕೆಗೆ ತಕ್ಕಷ್ಟು ಚಿಕ್ಕದು ಮಾಡಿ ಕ್ವಾಲಿಟಿ 85ರಲ್ಲಿ ಕೊಡುವುದು ಮೇಲು.

ಈ ಹಂತದೊಳಗೂ ಒಂದು ಕ್ರಮವಿದೆ:

1. ಬೇಡದ ಭಾಗವನ್ನು ಕ್ರಾಪ್ ಮಾಡಿ.
2. ಮಂದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಕಾಳುಕಾಳಾದ ನಾಯ್ಸ್ ಇದ್ದರೆ ತಗ್ಗಿಸಿ. ಜೆಪೆಗ್‌ಗೆ ನಾಯ್ಸ್ ಯಾವುದು, ನಿಜವಾದ ವಿವರ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಉಳಿಸಲು ಹೋಗಿ ಬೈಟ್‌ಗಳನ್ನು ಸುರಿಯುತ್ತದೆ.
3. ಪಿಕ್ಸೆಲ್ ಅಳತೆ ಇಳಿಸಿ.
4. ಶಾರ್ಪನ್ ಮಾಡುವುದಿದ್ದರೆ ಈಗ, ಅಳತೆ ಇಳಿಸಿದ ಮೇಲೆ, ಹಗುರವಾಗಿ ಮಾಡಿ. ಅತಿಯಾದರೆ ಅಂಚುಗಳ ಸುತ್ತ ಬಿಳಿ ಗೆರೆ ಮೂಡುತ್ತದೆ, ಫೈಲೂ ಊದುತ್ತದೆ.

ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ) ಎಂಬ ಪೆಟ್ಟಿಗೆಯಲ್ಲಿ 300 ಇದ್ದದ್ದನ್ನು 72 ಮಾಡಿ ಫೈಲ್ ಚಿಕ್ಕದಾಗಲಿಲ್ಲ ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಆ ಸಂಖ್ಯೆ ಮುದ್ರಣ ಯಂತ್ರಕ್ಕೆ ಕೊಡುವ ಸೂಚನೆ ಮಾತ್ರ. ಪಿಕ್ಸೆಲ್‌ಗಳ ಎಣಿಕೆ ಬದಲಾಗದಿದ್ದರೆ ಗಾತ್ರವೂ ಬದಲಾಗದು. ಡಿಪಿಐ ಉಪಯೋಗಕ್ಕೆ ಬರುವುದು ಮಿಲಿಮೀಟರ್‌ನಿಂದ ಪಿಕ್ಸೆಲ್‌ಗೆ ಲೆಕ್ಕ ಹಾಕುವಾಗ. 35×45 ಮಿ.ಮೀ. ಫೋಟೋ 300 ಡಿಪಿಐನಲ್ಲಿ ಬೇಕೆಂದರೆ 413×531 ಪಿಕ್ಸೆಲ್.

## ಹಂತ 4: ಬಣ್ಣದ ಪ್ರೊಫೈಲ್ ಸರಿಮಾಡಿ

ಫೈಲ್‌ನಲ್ಲಿರುವ ಸಂಖ್ಯೆಗಳು ಯಾವ ಬಣ್ಣವನ್ನು ಸೂಚಿಸುತ್ತವೆ ಎಂದು ಹೇಳುವ ಮಾಹಿತಿಯೇ ಬಣ್ಣದ ಪ್ರೊಫೈಲ್. ಪರದೆಗಾಗಿ, ಜಾಲತಾಣಕ್ಕಾಗಿ, ಹಂಚಿಕೊಳ್ಳುವುದಕ್ಕಾಗಿ ಆದರೆ ಚಿತ್ರವನ್ನು ಪರದೆಗಳ ಸಾಮಾನ್ಯ ಪ್ರೊಫೈಲ್ ಆದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಫೈಲ್‌ನೊಳಗೇ ಇರಿಸಿ. ಇಲ್ಲಿ ಪರಿವರ್ತಿಸುವುದು ಬೇರೆ, ಹೊಸ ಪ್ರೊಫೈಲಿನ ಹೆಸರನ್ನಷ್ಟೇ ಅಂಟಿಸುವುದು ಬೇರೆ. ಫೋಟೋಶಾಪ್‌ನಲ್ಲಿ ಕನ್ವರ್ಟ್ ಟು ಪ್ರೊಫೈಲ್ ಮತ್ತು ಅಸೈನ್ ಪ್ರೊಫೈಲ್ ಅಕ್ಕಪಕ್ಕದಲ್ಲೇ ಇವೆ. ನಿಮಗೆ ಬೇಕಾದದ್ದು ಮೊದಲನೆಯದು. ಎರಡನೆಯದನ್ನು ಒತ್ತಿದರೆ ಸಂಖ್ಯೆಗಳು ಹಾಗೇ ಉಳಿದು ಬಣ್ಣಗಳೇ ಬದಲಾಗುತ್ತವೆ.

ಎಚ್ಚರಿಕೆಯ ಗುರುತು: ನಿಮ್ಮ ತಂತ್ರಾಂಶದಲ್ಲಿ ಚೆನ್ನಾಗಿ ಕಂಡ ಫೋಟೋ ಬೇರೆಡೆ ಪೇಲವವಾಗಿ ಕಂಡರೆ, ಅಡೋಬ್ ಆರ್‌ಜಿಬಿಯಂಥ ವಿಶಾಲ ಬಣ್ಣವ್ಯಾಪ್ತಿಯ ಫೈಲ್ ಪ್ರೊಫೈಲ್ ಕಳೆದುಕೊಂಡಿದೆ ಎಂದೇ ಮೊದಲು ಅನುಮಾನಿಸಿ. ಮುದ್ರಣಕ್ಕಾಗಿ ಸಿಎಂವೈಕೆಯಲ್ಲಿ (ಮುದ್ರಣ ಶಾಯಿಗಳ ಬಣ್ಣಪದ್ಧತಿ) ಮಾಡಿದ ಜೆಪೆಗ್ ಅನ್ನು ಜಾಲತಾಣಕ್ಕೆ ಹಾಕುವ ಮುನ್ನ ಆರ್‌ಜಿಬಿ (ಪರದೆಯ ಬಣ್ಣಪದ್ಧತಿ) ಮಾಡಿಕೊಳ್ಳಿ.

## ಹಂತ 5: ಈಗ ಕ್ವಾಲಿಟಿ ಸಂಖ್ಯೆ

ಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದದ್ದು ಶೇಕಡಾವಾರು ಎಂಬ ಕಲ್ಪನೆ. ಕ್ವಾಲಿಟಿ 80 ಎಂದರೆ ಚಿತ್ರದ ಶೇ. 80ರಷ್ಟು ಉಳಿಯಿತು ಎಂದಲ್ಲ, ಫೈಲ್ ಶೇ. 20ರಷ್ಟು ಚಿಕ್ಕದಾಯಿತು ಎಂದೂ ಅಲ್ಲ. ಸೂಕ್ಷ್ಮ ಅಂಶಗಳನ್ನು ಎಷ್ಟು ಒರಟಾಗಿ ಅಂದಾಜಿಸಬೇಕು ಎಂದು ಹೇಳುವ 64 ಸಂಖ್ಯೆಗಳ ಕೋಷ್ಟಕವೊಂದಿದೆ. 8×8 ಚೌಕದ ಒಂದೊಂದು ಅಂಶಕ್ಕೂ ಒಂದೊಂದು ಭಾಜಕ. ಸ್ಲೈಡರ್ ಬದಲಿಸುವುದು ಆ ಭಾಜಕಗಳನ್ನು.

ಬಹಳಷ್ಟು ಉಚಿತ ತಂತ್ರಾಂಶಗಳ ಒಳಗಿರುವುದು ಜೆಪೆಗ್ ಓದುವ, ಬರೆಯುವ ಲಿಬ್‌ಜೆಪೆಗ್ ಎಂಬ ಕೋಡ್ ಸಂಗ್ರಹ ಅಥವಾ ಅದರ ಸಂತತಿ. ಅದರ ಲೆಕ್ಕ ನೋಡಿದರೆ ಸ್ಲೈಡರ್‌ನ ಸ್ವಭಾವ ಅರ್ಥವಾಗುತ್ತದೆ. ಕ್ವಾಲಿಟಿ 50ರಲ್ಲಿ ಹೊಳಪಿನ ಕೋಷ್ಟಕದ ಮೊದಲ ಭಾಜಕ 16, ಅತಿ ಸೂಕ್ಷ್ಮ ಅಂಶಕ್ಕೆ ಮೀಸಲಾದ ಕೊನೆಯದು 99. ಕ್ವಾಲಿಟಿ 75ಕ್ಕೆ ಏರಿಸಿದರೆ ಇವು 8 ಮತ್ತು 50 ಆಗುತ್ತವೆ. 90ರಲ್ಲಿ 3 ಮತ್ತು 20, 95ರಲ್ಲಿ 2 ಮತ್ತು 10. 100ರಲ್ಲಿ ಎಲ್ಲವೂ 1. ಕೆಳಗಿಳಿದರೆ 25ರಲ್ಲಿ 32 ಮತ್ತು 198. ಭಾಜಕ ದೊಡ್ಡದಾದಷ್ಟೂ ಸಣ್ಣ ವ್ಯತ್ಯಾಸಗಳೆಲ್ಲ ಸೊನ್ನೆಗೆ ಹೋಗುತ್ತವೆ, ಸೊನ್ನೆಗಳು ಫೈಲ್‌ನಲ್ಲಿ ಹೆಚ್ಚುಕಡಿಮೆ ಜಾಗವನ್ನೇ ಹಿಡಿಯುವುದಿಲ್ಲ.

ಈಗ 95ರಿಂದ 100ಕ್ಕೆ ಹೋದಾಗ ಏನಾಗುತ್ತದೆ ನೋಡಿ. ಭಾಜಕ 10 ಇದ್ದದ್ದು 1 ಆಯಿತು. ಕಣ್ಣಿಗೆ ಎಂದೂ ಕಾಣದ ವ್ಯತ್ಯಾಸಗಳೆಲ್ಲ ಈಗ ಬರೆಯಲ್ಪಡುತ್ತವೆ, ಫೈಲ್ ಸಿಕ್ಕಾಪಟ್ಟೆ ಬೆಳೆಯುತ್ತದೆ. ಅಷ್ಟಾಗಿಯೂ 100 ಎಂದರೆ ನಷ್ಟವಿಲ್ಲ ಎಂದಲ್ಲ, ಬಣ್ಣ ಪರಿವರ್ತನೆಯಲ್ಲೂ ಪೂರ್ಣಾಂಕ ಮಾಡುವುದರಲ್ಲೂ ಅಷ್ಟಿಷ್ಟು ಹೋಗೇ ಹೋಗುತ್ತದೆ. ನನ್ನ ಪ್ರಕಾರ 100ಕ್ಕೆ ನಿಜವಾದ ಬಳಕೆಯೇ ಇಲ್ಲ. ಅಷ್ಟು ಕಾಳಜಿ ಇದ್ದರೆ ಟಿಫ್ ಅಥವಾ ಪಿಎನ್‌ಜಿ ಇಡಿ.

ಲಿಬ್‌ಜೆಪೆಗ್ ಲೆಕ್ಕದಲ್ಲಿ ಪ್ರಾರಂಭಕ್ಕೆ ಈ ಸಂಖ್ಯೆಗಳನ್ನು ಇಟ್ಟುಕೊಳ್ಳಬಹುದು. ಮುದ್ರಣಕ್ಕೆ, ಅಥವಾ ಮುಂದೆ ಯಾರಾದರೂ ತಿದ್ದುವ ಸಾಧ್ಯತೆ ಇರುವ ಫೈಲ್‌ಗೆ 92ರಿಂದ 95. ಪರದೆಯ ಮೇಲೆ ಚೆನ್ನಾಗಿ ಕಾಣಬೇಕಾದ ಫೋಟೋಗೆ 80ರಿಂದ 88. ಬೇಗ ತೆರೆದುಕೊಳ್ಳಬೇಕಾದ ಜಾಲಪುಟದ ಚಿತ್ರಕ್ಕೆ 70ರಿಂದ 80. ಪುಟ್ಟ ಥಂಬ್‌ನೇಲ್‌ಗೆ 60ರ ಆಸುಪಾಸು. ಇವು ಪ್ರಾರಂಭದ ಸ್ಥಾನಗಳು. ಚಿತ್ರ ನೋಡಿಕೊಂಡು ಅಲ್ಲಿಂದ ಆಚೀಚೆ ಸರಿಯಬೇಕು.

ಒಂದು ತಂತ್ರಾಂಶದ 80 ಇನ್ನೊಂದರ 80 ಅಲ್ಲ. ಜೆಪೆಗ್ ಮಾನಕದಲ್ಲಿ ಕ್ವಾಲಿಟಿ ಎಂಬ ಅಳತೆಗೋಲೇ ಇಲ್ಲ, ಪ್ರತಿ ತಂತ್ರಾಂಶವೂ ತನ್ನದೇ ಗೋಲು ಮಾಡಿಕೊಂಡಿದೆ. ಫೋಟೋಶಾಪ್‌ನ ಸೇವ್ ಆ್ಯಸ್‌ನಲ್ಲಿ ಅದು 0ಯಿಂದ 12ರವರೆಗೆ, ಅದೇ ಫೋಟೋಶಾಪ್‌ನ ಸೇವ್ ಫಾರ್ ವೆಬ್‌ನಲ್ಲಿ 0ಯಿಂದ 100. ಲೈಟ್‌ರೂಂ ಕ್ಲಾಸಿಕ್‌ನ ಸ್ಲೈಡರ್ 0–100 ಎಂದು ತೋರಿಸಿದರೂ ಒಳಗಿರುವುದು 13 ಮೆಟ್ಟಿಲುಗಳು. ಅದರಲ್ಲಿ 78ಕ್ಕೂ 83ಕ್ಕೂ ಸಿಗುವ ಫಲಿತಾಂಶ ಒಂದೇ. ಯಾರೋ ಹೇಳಿದ ಸಂಖ್ಯೆಯನ್ನು, ಅವರು ಬಳಸಿದ ತಂತ್ರಾಂಶ ಯಾವುದೆಂದು ಕೇಳದೆ ನಿಮ್ಮದಕ್ಕೆ ಹಾಕಬೇಡಿ.

ಸಂಖ್ಯೆ ಹುಡುಕುವ ವಿಧಾನ ಹೀಗೆ:

1. ಚಿತ್ರವನ್ನು ಶೇ. 100ರ ಜೂಮ್‌ನಲ್ಲಿ ಇಡಿ. ಪರದೆಗೆ ಹೊಂದಿಸಿಕೊಂಡ ಸಣ್ಣ ನೋಟದಲ್ಲಿ ದೋಷಗಳು ಅಡಗಿಕೊಳ್ಳುತ್ತವೆ, ಶೇ. 400ರಲ್ಲಿ ಇಲ್ಲದ ಭಯ ಹುಟ್ಟುತ್ತದೆ.
2. ಚಿತ್ರದಲ್ಲಿ ದೋಷ ಬೇಗ ಕಣ್ಣಿಗೆ ಬೀಳುವ ಜಾಗವನ್ನು ಮುನ್ನೋಟಕ್ಕೆ ತನ್ನಿ. ಆಕಾಶದ ಇಳಿಜಾರು ಬಣ್ಣ, ಕೆನ್ನೆ, ನೆರಳು, ಅಕ್ಷರದ ಅಂಚು ಇಂಥವು. ಎಲೆಗಳ ರಾಶಿಯನ್ನು ನೋಡಿ ತೀರ್ಮಾನಿಸಬೇಡಿ, ಅಲ್ಲಿ ಎಷ್ಟು ಹಾಳಾದರೂ ಗೊತ್ತಾಗುವುದಿಲ್ಲ.
3. 90ರಿಂದ ಐದೈದು ಇಳಿಸುತ್ತ ಬನ್ನಿ. ದೋಷ ಕಂಡ ಕೂಡಲೇ ನಿಲ್ಲಿ, ಐದು ಮೇಲೇರಿ. ಅದೇ ನಿಮ್ಮ ಸಂಖ್ಯೆ.

ಈಗಾಗಲೇ ಜೆಪೆಗ್ ಆಗಿರುವ ಫೈಲ್ ತೆರೆದಿದ್ದರೆ ಅದು ಮೊದಲು ಸೇವ್ ಆಗಿದ್ದ ಕ್ವಾಲಿಟಿಗಿಂತ ಮೇಲೇರಿಸುವುದರಿಂದ ಹೋದ ವಿವರ ಮರಳುವುದಿಲ್ಲ, ಹಳೆಯ ದೋಷಗಳೇ ಇನ್ನಷ್ಟು ನಿಷ್ಠೆಯಿಂದ ದಾಖಲಾಗುತ್ತವೆ. ಗಿಂಪ್‌ನಲ್ಲಿ ಮೂಲ ಚಿತ್ರದ ಕ್ವಾಲಿಟಿಯನ್ನೇ ಬಳಸುವ ಆಯ್ಕೆ ಇರುವುದು ಇದಕ್ಕಾಗಿ. ಸಣ್ಣ ತಿದ್ದುಪಡಿಗೆ ಅದನ್ನೇ ಆರಿಸಿ.

## ಹಂತ 6: ಕ್ರೋಮಾ ಸಬ್‌ಸ್ಯಾಂಪ್ಲಿಂಗ್

ಕ್ವಾಲಿಟಿ ಚೆನ್ನಾಗಿಯೇ ಇಟ್ಟಿದ್ದೇನೆ, ಆದರೂ ಕೆಂಪು ಅಕ್ಷರ ಮಸುಕಾಗಿದೆ ಎಂಬ ದೂರಿಗೆ ಉತ್ತರ ಇಲ್ಲಿದೆ.

ಜೆಪೆಗ್ ಸಾಮಾನ್ಯವಾಗಿ ಚಿತ್ರವನ್ನು ಹೊಳಪು ಮತ್ತು ಎರಡು ಬಣ್ಣದ ಪದರಗಳಾಗಿ ಬೇರ್ಪಡಿಸುತ್ತದೆ. ಕಣ್ಣು ಹೊಳಪಿನ ವಿವರವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ವಿವರವನ್ನು ಗುರುತಿಸದು. ಹಾಗಾಗಿ ಬಣ್ಣದ ಪದರಗಳನ್ನು ಕಡಿಮೆ ಅಳತೆಯಲ್ಲಿ ಇಟ್ಟರೂ ನಡೆಯುತ್ತದೆ. ಇದಕ್ಕೇ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎನ್ನುವುದು. 4:4:4 ಎಂದರೆ ಬಣ್ಣ ಪೂರ್ತಿ ಅಳತೆಯಲ್ಲಿದೆ. 4:2:2 ಎಂದರೆ ಅಡ್ಡಕ್ಕೆ ಅರ್ಧ. 4:2:0 ಎಂದರೆ ಅಡ್ಡಕ್ಕೂ ಉದ್ದಕ್ಕೂ ಅರ್ಧ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಸಂಕುಚನ ಶುರುವಾಗುವ ಮೊದಲೇ ಒಟ್ಟು ದತ್ತಾಂಶ ಇಲ್ಲಿ ಅರ್ಧಕ್ಕೆ ಇಳಿದಿರುತ್ತದೆ.

ಸಾಮಾನ್ಯ ಫೋಟೋಗಳಿಗೆ 4:2:0 ಸಾಕು. ಗಾಢ ಕೆಂಪು, ನೀಲಿ ಒಂದಕ್ಕೊಂದು ತಾಗುವಲ್ಲಿ, ಬಣ್ಣದ ಅಕ್ಷರವಿರುವ ಪೋಸ್ಟರ್‌ನಲ್ಲಿ 4:4:4 ಇಡಿ. ಕನ್ನಡ ಅಕ್ಷರಗಳಿದ್ದರಂತೂ ಕಡ್ಡಾಯ ಎನ್ನುತ್ತೇನೆ. ಒತ್ತಕ್ಷರಗಳೂ ಸೊನ್ನೆಯೊಳಗಿನ ಸಣ್ಣ ಖಾಲಿ ಜಾಗವೂ ಮೊದಲು ಕದಡಿಹೋಗುವುವು.

ಆಯ್ಕೆ ಎಲ್ಲಿದೆ ಎಂಬುದು ತಂತ್ರಾಂಶಕ್ಕೆ ತಕ್ಕಂತೆ. ಗಿಂಪ್‌ನ ಸುಧಾರಿತ ಆಯ್ಕೆಗಳಲ್ಲಿ ನೇರವಾಗಿ ಸಿಗುತ್ತದೆ. ಫೋಟೋಶಾಪ್‌ನ ಸೇವ್ ಆ್ಯಸ್‌ನಲ್ಲಿ ಪ್ರತ್ಯೇಕ ಗುಂಡಿ ಇಲ್ಲ. ಕ್ವಾಲಿಟಿ 7 ಮತ್ತು ಮೇಲಾದರೆ ಬಣ್ಣ ಪೂರ್ತಿ, 6 ಮತ್ತು ಕೆಳಗಾದರೆ 4:2:0. ಸೇವ್ ಫಾರ್ ವೆಬ್‌ನಲ್ಲಿ ಈ ಗೆರೆ 50 ಮತ್ತು 51ರ ನಡುವೆ ಇದೆ. ಕಮಾಂಡ್ ಬರೆದು ನಡೆಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶ ನೀವು ಏನೂ ಹೇಳದಿದ್ದರೆ 90ಕ್ಕಿಂತ ಕೆಳಗೆ 4:2:0 ಹಾಕುತ್ತದೆ. ಒಂದು ಅಂಕಿ ಇಳಿಸಿದ ಕೂಡಲೇ ಬಣ್ಣದ ಅಂಚುಗಳು ಏಕಾಏಕಿ ಮಂಕಾದರೆ ಇಂಥ ಗೆರೆಯೊಂದನ್ನು ದಾಟಿದ್ದೀರಿ ಎಂದರ್ಥ.

## ಹಂತ 7: ಉಳಿದ ಟಿಕ್‌ಗಳು

ಆಪ್ಟಿಮೈಸ್ ಎಂದಿದ್ದರೆ ಟಿಕ್ ಹಾಕಿ. ಚಿತ್ರಕ್ಕೆ ಏನೂ ಆಗುವುದಿಲ್ಲ, ಫೈಲ್ ಸ್ವಲ್ಪ ಇಳಿಯುತ್ತದೆ.

ಪ್ರೊಗ್ರೆಸಿವ್ ಎಂದರೆ ನಿಧಾನ ಸಂಪರ್ಕದಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುವ ಬದಲು ಮೊದಲು ಮಸುಕಾಗಿ ಪೂರ್ತಿ ಕಂಡು, ಆಮೇಲೆ ಸ್ಪಷ್ಟವಾಗುತ್ತದೆ. ಜಾಲಪುಟಕ್ಕೆ ಒಳ್ಳೆಯದು, ದೊಡ್ಡ ಚಿತ್ರಗಳಲ್ಲಿ ಗಾತ್ರವೂ ತುಸು ಉಳಿಯುತ್ತದೆ. ಹಳೆಯ ಡಿಜಿಟಲ್ ಫೋಟೋ ಫ್ರೇಮ್, ಟಿವಿಯಂಥ ಸಾಧನಗಳಿಗೆ ಮಾತ್ರ ಬೇಸ್‌ಲೈನ್ (ಪ್ರೊಗ್ರೆಸಿವ್ ಅಲ್ಲದ ಸಾದಾ ಜೆಪೆಗ್) ಕೊಡಿ, ಕೆಲವು ಪ್ರೊಗ್ರೆಸಿವ್ ಫೈಲನ್ನು ತೆರೆಯುವುದಿಲ್ಲ.

ಅರಿತ್ಮೆಟಿಕ್ ಕೋಡಿಂಗ್ ಮುಟ್ಟಬೇಡಿ. ಫೈಲ್ ಚಿಕ್ಕದಾಗುತ್ತದೆ ನಿಜ, ಆದರೆ ಬಹುತೇಕ ಕಡೆ ತೆರೆಯುವುದೇ ಇಲ್ಲ. ಸ್ಮೂತಿಂಗ್ ಸೊನ್ನೆಯಲ್ಲೇ ಇರಲಿ. ಮಿಕ್ಕದ್ದನ್ನು ಇದ್ದ ಹಾಗೆ ಬಿಡಿ.

## ಹಂತ 8: ಫೈಲ್‌ನೊಳಗಿನ ಮಾಹಿತಿ

ಮೊಬೈಲ್ ಫೋಟೋದೊಳಗೆ ತೆಗೆದ ದಿನ, ಸಮಯ, ಸಾಧನದ ಮಾದರಿ, ಲೊಕೇಶನ್ ಆನ್ ಇದ್ದರೆ ನೀವು ನಿಂತಿದ್ದ ಜಾಗದ ಅಕ್ಷಾಂಶ, ರೇಖಾಂಶ ಎಲ್ಲವೂ ಎಕ್ಸಿಫ್ ಎಂಬ ಭಾಗದಲ್ಲಿ ಕೂತಿರುತ್ತವೆ. ಸಾರ್ವಜನಿಕವಾಗಿ ಹಾಕುವ ಚಿತ್ರದಿಂದ ಇದನ್ನು ತೆಗೆಯುವುದು ಒಳ್ಳೆಯದು. ಅದರೊಳಗೆ ಪುಟ್ಟ ಥಂಬ್‌ನೇಲ್ ಕೂಡ ಇರಬಹುದು. ತಿದ್ದಿದ ತಂತ್ರಾಂಶ ಅದನ್ನು ಹೊಸದಾಗಿ ಮಾಡದಿದ್ದರೆ, ನೀವು ಕ್ರಾಪ್ ಮಾಡಿ ತೆಗೆದ ಭಾಗ ಆ ಹಳೆಯ ಥಂಬ್‌ನೇಲ್‌ನಲ್ಲಿ ಹಾಗೇ ಉಳಿದಿರುತ್ತದೆ.

ಎಲ್ಲವನ್ನೂ ಕಣ್ಣುಮುಚ್ಚಿ ಅಳಿಸುವ ಸಾಧನಗಳಿಂದ ಎರಡು ಅನಾಹುತಗಳಾಗುತ್ತವೆ. ಬಣ್ಣದ ಪ್ರೊಫೈಲ್ ಕೂಡ ಹೋಗಿ ಹಂತ 4ರಲ್ಲಿ ಹೇಳಿದ ಪೇಲವ ಬಣ್ಣ ಬರುವುದು ಒಂದು. ಚಿತ್ರ ಯಾವ ದಿಕ್ಕಿಗೆ ನಿಲ್ಲಬೇಕೆಂಬ ಸೂಚನೆ ಹೋಗಿ, ನೆಟ್ಟಗಿದ್ದ ಫೋಟೋ ಅಡ್ಡ ಮಲಗುವುದು ಇನ್ನೊಂದು. ಮೊದಲು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಫೋಟೋವನ್ನು ನಿಜವಾಗಿಯೇ ತಿರುಗಿಸಿ ಇಟ್ಟುಕೊಂಡರೆ ಎರಡರಿಂದಲೂ ಪಾರು.

## ಹಂತ 9: ಇಷ್ಟೇ ಕೆಬಿ ಇರಬೇಕು ಎಂದಾಗ

ಹೆಚ್ಚಿನವರು ಸೋಲುವುದು ಇಲ್ಲಿ. 50 ಕೆಬಿ ಮಿತಿ ಇದೆ, ಕೈಯಲ್ಲಿರುವುದು ಮೊಬೈಲ್ ಫೋಟೋ. ಸ್ಲೈಡರ್ ಇಳಿಸುತ್ತ ಹೋಗುತ್ತಾರೆ, ಮುಖ ಚೌಕಚೌಕವಾಗುವವರೆಗೂ ಇಳಿಸುತ್ತಾರೆ, ಆಗಲೂ 50 ಕೆಬಿ ಆಗಿರುವುದಿಲ್ಲ.

ಅಂದಾಜು ಮಾಡುವ ಬದಲು ಲೆಕ್ಕ ಹಾಕಿ. ಒಂದು ಪಿಕ್ಸೆಲ್‌ಗೆ ಎಷ್ಟು ಬಿಟ್ ಸಿಗುತ್ತದೆ ಎಂಬುದೇ ಇಲ್ಲಿ ಅಳತೆ. ಸಂಕುಚನವಿಲ್ಲದ ಬಣ್ಣದ ಚಿತ್ರದಲ್ಲಿ ಅದು 24. ಜೆಪೆಗ್ ರೂಪಿಸಿದ ತಂಡದವರೇ ಕೊಟ್ಟ ಅಂದಾಜಿನಂತೆ ಪಿಕ್ಸೆಲ್‌ಗೆ 0.25ರಿಂದ 0.5 ಬಿಟ್ ಸಿಕ್ಕರೆ ಕೆಲವು ಬಳಕೆಗಷ್ಟೇ ಸಾಲುವ ಗುಣಮಟ್ಟ, 0.5ರಿಂದ 0.75 ಇದ್ದರೆ ಹಲವು ಬಳಕೆಗೆ ಸಾಲುವಷ್ಟು ಚೆನ್ನ, 0.75ರಿಂದ 1.5 ಅತ್ಯುತ್ತಮ, 1.5ರಿಂದ 2 ಬಿಟ್ ಇದ್ದರೆ ಸಾಮಾನ್ಯವಾಗಿ ಮೂಲಕ್ಕೂ ಇದಕ್ಕೂ ವ್ಯತ್ಯಾಸವೇ ತಿಳಿಯದು.

ಈಗ 50 ಕೆಬಿ ಎಂದರೆ 50×1024×8, ಅಂದರೆ 4,09,600 ಬಿಟ್. ಇದನ್ನು 4000×3000ರ ಫೋಟೋಗೆ ಹಂಚಿದರೆ ಪಿಕ್ಸೆಲ್‌ಗೆ 0.034 ಬಿಟ್. ಯಾವ ಸ್ಲೈಡರ್ ಇದನ್ನು ಉಳಿಸೀತು? ಅದನ್ನೇ 413×531ಕ್ಕೆ ಇಳಿಸಿ ಹಂಚಿ, ಪಿಕ್ಸೆಲ್‌ಗೆ 1.87 ಬಿಟ್. ಫೋಟೋ ಸ್ವಚ್ಛವಾಗಿಯೇ ಬರುತ್ತದೆ, ಕ್ವಾಲಿಟಿ 90ರ ಆಸುಪಾಸಿನಲ್ಲಿ ಇಟ್ಟರೂ ಎಷ್ಟೋ ಸಲ ಮಿತಿಯೊಳಗೇ ಇರುತ್ತದೆ.

ಕ್ರಮ ಹೀಗಿರಲಿ:

1. ಮಿತಿಯ ಕೆಬಿಯನ್ನು 1024ರಿಂದ, ಆಮೇಲೆ 8ರಿಂದ ಗುಣಿಸಿ. ಒಟ್ಟು ಬಿಟ್ ಸಿಗುತ್ತದೆ.
2. ಮುಖದ ಫೋಟೋಗೆ 1.5ರಿಂದ, ಸಾಮಾನ್ಯ ದೃಶ್ಯಕ್ಕೆ 1ರಿಂದ ಭಾಗಿಸಿ. ಬಂದದ್ದು ನೀವು ಇಡಬಹುದಾದ ಗರಿಷ್ಠ ಪಿಕ್ಸೆಲ್‌ಗಳು. ಉದಾಹರಣೆಗೆ 100 ಕೆಬಿ ಮಿತಿಯಲ್ಲಿ ಸಾಮಾನ್ಯ ದೃಶ್ಯಕ್ಕೆ 8,19,200 ಪಿಕ್ಸೆಲ್, ಅಂದರೆ 1024×800.
3. ಅಳತೆ ಅಲ್ಲಿಗೆ ಇಳಿಸಿ, ಕ್ವಾಲಿಟಿ 85ರಲ್ಲಿ ಸೇವ್ ಮಾಡಿ ಗಾತ್ರ ನೋಡಿ.
4. ಹೆಚ್ಚಾದರೆ ಕ್ವಾಲಿಟಿಯನ್ನು 70ರವರೆಗೆ ಇಳಿಸಿ. ಅಲ್ಲಿಗೂ ಒಗ್ಗದಿದ್ದರೆ ಮತ್ತೆ ಅಳತೆಯನ್ನೇ ಇಳಿಸಿ.

ಪ್ರತಿ ಸಲವೂ ಮೂಲ ಫೈಲ್‌ನಿಂದಲೇ ಶುರುಮಾಡಿ. ಹಿಂದಿನ ಪ್ರಯತ್ನದಲ್ಲಿ ಸೇವ್ ಆದ ಜೆಪೆಗ್ ಮೇಲೆ ಮತ್ತೆ ಮಾಡುತ್ತ ಹೋದರೆ ನಷ್ಟ ಒಂದರ ಮೇಲೊಂದು ಪೇರುತ್ತದೆ. ಕೆಲವು ಕಡೆ 1 ಕೆಬಿಯನ್ನು 1000 ಬೈಟ್ ಎಂದು ಎಣಿಸುತ್ತಾರೆ, ಹಾಗಾಗಿ ಮಿತಿಗಿಂತ ಎರಡು ಮೂರು ಕೆಬಿ ಕೆಳಗೇ ನಿಲ್ಲಿ. ಕನಿಷ್ಠ ಗಾತ್ರದ ಮಿತಿಯೂ ಇದ್ದು, ನಿಮ್ಮ ಫೈಲ್ ಅದಕ್ಕಿಂತ ಚಿಕ್ಕದಾದರೆ ಕ್ವಾಲಿಟಿಯನ್ನು ಮೇಲೇರಿಸಿ. 95ರಾಚೆಗೆ ಹೋಗಲು ಸಿಗುವ ಅಪರೂಪದ ನೆಪ ಇದು.

ಕಾಗದಪತ್ರದ ಸ್ಕ್ಯಾನ್‌ಗೆ ಬಣ್ಣ ಬೇಕಿಲ್ಲವಾದರೆ ಗ್ರೇಸ್ಕೇಲ್ ಮಾಡಿ. ಬಣ್ಣದ ಎರಡು ಪದರಗಳಿಗೆ ಹೋಗುವ ಬೈಟ್‌ಗಳು ಅಕ್ಷರಗಳಿಗೆ ಸಿಗುತ್ತವೆ. ಕಾಗದದ ಹಿನ್ನೆಲೆ ಬೂದುಬೂದಾಗಿದ್ದರೆ ಲೆವೆಲ್ಸ್‌ನಲ್ಲಿ ಶುದ್ಧ ಬಿಳಿಗೆ ತನ್ನಿ, ಕಾಗದದ ಕಲೆಗಳನ್ನು ಜೋಪಾನ ಮಾಡಲು ಬೈಟ್ ಖರ್ಚು ಮಾಡುವುದು ಯಾರಿಗೆ ಬೇಕು.

## ಹಂತ 10: ಸೇವ್ ಆದ ಫೈಲನ್ನೇ ತೆರೆದು ಪರೀಕ್ಷಿಸಿ

ಸೇವ್ ಮಾಡಿದ ಮೇಲೂ ತಂತ್ರಾಂಶದಲ್ಲಿ ತೆರೆದಿರುವುದು ನಿಮ್ಮ ಹಳೆಯ ಚಿತ್ರವೇ. ಅದನ್ನು ನೋಡಿ ಚೆನ್ನಾಗಿದೆ ಎಂದುಕೊಂಡರೆ ಉಪಯೋಗವಿಲ್ಲ. ಹೊಸ ಜೆಪೆಗ್ ಅನ್ನು ಬೇರೆಯಾಗಿ ತೆರೆದು ಶೇ. 100ರಲ್ಲಿ ನೋಡಿ. ಒಂದೊಂದು ದೋಷವೂ ಒಂದೊಂದು ಸೆಟ್ಟಿಂಗ್ ಕಡೆ ಬೆರಳು ತೋರಿಸುತ್ತದೆ.

ಸಣ್ಣ ಚೌಕಗಳ ಜಾಲ ಕಾಣುತ್ತಿದೆ. ಕ್ವಾಲಿಟಿ ತೀರಾ ಕೆಳಗಿದೆ, ಅಥವಾ ಅಷ್ಟು ಗಾತ್ರಕ್ಕೆ ಪಿಕ್ಸೆಲ್ ಜಾಸ್ತಿಯಾಗಿದೆ. ಹಂತ 3ಕ್ಕೆ ಹಿಂತಿರುಗಿ.

ಅಕ್ಷರ, ಕೊಂಬೆ, ತಂತಿಗಳ ಸುತ್ತ ಕೊಳೆ ಮೆತ್ತಿದಂತಿದೆ. ಥಟ್ಟನೆ ಬದಲಾಗುವ ಅಂಚಿನ ಸೂಕ್ಷ್ಮ ಅಂಶಗಳು ಒರಟಾಗಿವೆ. ಕ್ವಾಲಿಟಿ ಏರಿಸಿ. ಚಿತ್ರದ ತುಂಬ ಅಕ್ಷರವೇ ಇದ್ದರೆ ಪಿಎನ್‌ಜಿ ಮಾಡಿ. ಅತಿಯಾಗಿ ಶಾರ್ಪನ್ ಮಾಡಿದ್ದರೂ ಇದು ಬರುತ್ತದೆ.

ಆಕಾಶದಲ್ಲಿ ಬಣ್ಣ ಮೆಟ್ಟಿಲುಮೆಟ್ಟಿಲಾಗಿದೆ. ಕ್ವಾಲಿಟಿ ಏರಿಸಿ ನೋಡಿ. ಏರಿಸಿದರೂ ಹೋಗದಿದ್ದರೆ ದೋಷ ತಿದ್ದುವಾಗಲೇ ಹುಟ್ಟಿದೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 8 ಬಿಟ್ ಮಾತ್ರ. ತಿದ್ದುವ ಕೆಲಸವನ್ನು 16 ಬಿಟ್‌ನಲ್ಲಿ ಮುಗಿಸಿ ಕೊನೆಗೆ ಇಳಿಸುವುದು, ಅಥವಾ ಇಳಿಜಾರು ಬಣ್ಣಕ್ಕೆ ತೀರಾ ಸಣ್ಣ ನಾಯ್ಸ್ ಸೇರಿಸುವುದು ಇದಕ್ಕೆ ಪರಿಹಾರ.

ಬಣ್ಣ ಗೆರೆ ದಾಟಿ ಪಕ್ಕಕ್ಕೆ ಹರಡಿದೆ. ಸಬ್‌ಸ್ಯಾಂಪ್ಲಿಂಗ್, ಹಂತ 6.

ಇನ್ನೂ ಅನುಮಾನವಿದ್ದರೆ ಮೂಲದ ಮೇಲೆ ಹೊಸ ಜೆಪೆಗ್ ಅನ್ನು ಇನ್ನೊಂದು ಲೇಯರ್ ಆಗಿ ಇಟ್ಟು, ಬ್ಲೆಂಡ್ ಮೋಡನ್ನು ಡಿಫರೆನ್ಸ್ ಮಾಡಿ. ಎರಡೂ ಒಂದೇ ಆಗಿರುವಲ್ಲಿ ಪೂರ್ತಿ ಕಪ್ಪು ಕಾಣುತ್ತದೆ. ಲೆವೆಲ್ಸ್ ಎಳೆದು ಹೊಳಪು ಹೆಚ್ಚಿಸಿದರೆ ನಷ್ಟ ಎಲ್ಲೆಲ್ಲಿ ಆಗಿದೆ ಎಂದು ಬೆಳ್ಳಗೆ ತೋರುತ್ತದೆ. ಮುಖದ ಮೇಲೆ ಬೆಳ್ಳಗಿದ್ದರೆ ಚಿಂತಿಸಿ, ಹುಲ್ಲಿನ ಮೇಲಿದ್ದರೆ ಬಿಡಿ.

## ಪದೇಪದೇ ಆಗುವ ಕೆಲವು ತಪ್ಪುಗಳು

ಫೈಲ್ ಹೆಸರಿನ ಕೊನೆಯ ಪಿಎನ್‌ಜಿ ಅಳಿಸಿ ಜೆಪಿಜಿ ಎಂದು ಬರೆದರೆ ಫೈಲ್ ಜೆಪೆಗ್ ಆಗುವುದಿಲ್ಲ. ಹೆಸರು ಬದಲಾಯಿತು, ಒಳಗಿರುವುದು ಪಿಎನ್‌ಜಿಯೇ. ಅಪ್‌ಲೋಡ್ ಮಾಡುವಾಗ ಫೈಲ್ ಸರಿಯಿಲ್ಲ ಎಂದು ತಿರಸ್ಕೃತವಾಗುವುದಕ್ಕೆ ಇದೂ ಒಂದು ಕಾರಣ. ಅದೇ ಜೆಪಿಜಿ ಮತ್ತು ಜೆಪಿಇಜಿ ಎಂಬ ಎರಡು ಬಾಲಗಳ ನಡುವೆ ಮಾತ್ರ ಯಾವ ವ್ಯತ್ಯಾಸವೂ ಇಲ್ಲ.

ಹಾಳಾದ ಜೆಪೆಗ್ ಅನ್ನು ಪಿಎನ್‌ಜಿಗೆ ಬದಲಾಯಿಸಿದರೆ ಗುಣಮಟ್ಟ ಸುಧಾರಿಸುತ್ತದೆ ಎಂದುಕೊಳ್ಳಬೇಡಿ. ಹಾಳಾದ ಸ್ಥಿತಿಯೇ ದೊಡ್ಡ ಫೈಲ್‌ನಲ್ಲಿ ಭದ್ರವಾಗುತ್ತದೆ. ಇನ್ನೂ ತಿದ್ದುವ ಕೆಲಸ ಬಾಕಿ ಇದ್ದು, ಮುಂದಿನ ನಷ್ಟ ತಪ್ಪಿಸಬೇಕಾದರೆ ಮಾತ್ರ ಹಾಗೆ ಮಾಡುವುದರಲ್ಲಿ ಅರ್ಥವಿದೆ.

ನೂರಾರು ಫೋಟೋಗಳನ್ನು ಒಟ್ಟಿಗೆ ಸೇವ್ ಮಾಡುವಾಗ ಎಲ್ಲಕ್ಕೂ ಒಂದೇ ಕೆಬಿ ಮಿತಿ ಹಾಕಬೇಡಿ, ಒಂದೇ ಕ್ವಾಲಿಟಿ ಹಾಕಿ. ಖಾಲಿ ಗೋಡೆಯ ಫೋಟೋ ಮತ್ತು ಜನಜಾತ್ರೆಯ ಫೋಟೋ ಎರಡನ್ನೂ 200 ಕೆಬಿಗೆ ಕೂರಿಸಿದರೆ, ಗೋಡೆಗೆ ಬೇಡದಷ್ಟು ಬೈಟ್ ಸಿಕ್ಕಿ ಜನರ ಮುಖಗಳು ಕೆಡುತ್ತವೆ. ಕ್ವಾಲಿಟಿ ಒಂದೇ ಇದ್ದರೆ ಗಾತ್ರ ಚಿತ್ರಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಶುರುಮಾಡುವ ಮುನ್ನ ಇಡೀ ಗುಂಪಿನಲ್ಲಿ ಅತಿ ಕಷ್ಟದ ಎರಡು ಮೂರು ಚಿತ್ರಗಳನ್ನು ಆರಿಸಿ, ಅವುಗಳಿಗೆ ಹಂತ 5 ಮತ್ತು 6ನ್ನು ಮಾಡಿ ಸಂಖ್ಯೆ ಗೊತ್ತುಮಾಡಿಕೊಳ್ಳಿ. ಬೇರೆ ಫೋಲ್ಡರ್‌ಗೆ ಸೇವ್ ಆಗುವಂತೆ ಹೊಂದಿಸಿದ್ದೀರಾ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಬಟನ್ ಒತ್ತಿ.